ನಿದ್ರಾಹೀನತೆ: ಅದರ ಕಾರಣಗಳೂ ನಿವಾರಣೋಪಾಯಗಳೂ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಗ್ರಾಮಮುಖ್ಯರ ಹಾಗೂ ಭೂಮಾಲೀಕರ ಗಮನಕ್ಕೆ)

ಎತ್ತು ದಣಿದರೆ ನೊಗವನ್ನು ಬಿಚ್ಚಿ ನೆರಳಿನಲ್ಲಿ ಕಟ್ಟುವ ವಿವೇಕವು ನಮ್ಮ ರೈತರಲ್ಲಿ ಹಿಂದಿನಿಂದಲೂ ಉಂಟು. ಮೇವು, ನೀರು, ವಿಶ್ರಾಂತಿ ಈ ಮೂರರಲ್ಲಿ ಒಂದು ತಪ್ಪಿದರೂ ಎತ್ತು ಕೆಡುವುದೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಆ ಎತ್ತನ್ನು ಹೂಡುವ ಮನುಷ್ಯನ ವಿಶ್ರಾಂತಿಯ ವಿಷಯದಲ್ಲಿ ಇಷ್ಟೇ ಎಚ್ಚರಿಕೆಯು ಕಂಡುಬರುವುದಿಲ್ಲ. ರಾತ್ರಿ ನಿದ್ರೆ ಬಾರದೆಂದು ಒಬ್ಬನು ಹೇಳಿಕೊಂಡರೆ, ವಯಸ್ಸಾಯಿತೆಂದೋ ಚಿಂತೆ ಹೆಚ್ಚಾಯಿತೆಂದೋ ಹೇಳಿ ಆ ಮಾತನ್ನು ಅಲ್ಲಿಗೇ ಬಿಡುವುದು ವಾಡಿಕೆ. "ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯು ಸತ್ಯವೇ ಸರಿ. ಆದರೆ ಅದು ಅರ್ಧ ಸತ್ಯ. ಚಿಂತೆಯಿಲ್ಲದವನ ನಿದ್ರೆಯನ್ನೂ ಕೆಡಿಸತಕ್ಕ ಕಾರಣಗಳು ಹಲವು ಉಂಟು.

ತೊಗರಿಯ ಗಿಡವು ಬಾಡಿದರೆ ತಿಳಿವಳಿಕೆಯುಳ್ಳ ರೈತನು ಒಡನೆಯೇ ಔಷಧಿಯ ಅಂಗಡಿಗೆ ಓಡುವುದಿಲ್ಲ. ಗಿಡವನ್ನು ಕಿತ್ತು ಕಾಂಡವನ್ನು ಸೀಳಿ ನೋಡುತ್ತಾನೆ. ಒಳಗೆ ಕಪ್ಪು ಗೆರೆಯಿದ್ದರೆ ನೆಟೆ ರೋಗವೆಂದು ಅರಿಯುತ್ತಾನೆ. ಇಲ್ಲವಾದರೆ ನೀರು ನಿಂತಿತೋ, ತೇವವು ಸಾಲದಾಯಿತೋ ಎಂದು ಬೇರೆ ಕಾರಣವನ್ನು ಹುಡುಕುತ್ತಾನೆ. ನಿದ್ರೆಯ ವಿಷಯದಲ್ಲಿಯೂ ಇದೇ ಕ್ರಮವು ತಕ್ಕುದು. ನಿದ್ರೆ ಬಾರದಿರುವುದು ಹೊರಗೆ ಕಾಣುವ ಬಾಡುವಿಕೆ. ಅದರ ಮೂಲವು ಒಬ್ಬೊಬ್ಬನಲ್ಲಿ ಒಂದೊಂದು ಬಗೆ. ಮೂಲವು ಬೇರೆಯಾದಂತೆ ಉಪಾಯವೂ ಬೇರೆ. ಎಲ್ಲಕ್ಕೂ ಒಂದೇ ಮಾತ್ರೆ ಅಥವಾ ಒಂದು ಲೋಟ ಮದ್ಯವೆಂದು ನಂಬುವುದರಿಂದಲೇ ಅನೇಕ ಸಂಸಾರಗಳಿಗೆ ಹಾನಿಯು ಸಂಭವಿಸಿದೆ.

೧. ನಿದ್ರೆಯು ಬರುವ ಬಗೆ

ನಿದ್ರೆಯನ್ನು ಎರಡು ಶಕ್ತಿಗಳು ತರುತ್ತವೆ. ಮೊದಲನೆಯದು ದಣಿವಿನ ಭಾರ. ಎಚ್ಚರವಾಗಿದ್ದಷ್ಟು ಹೊತ್ತೂ ಅದು ಸಾಲದಂತೆ ಬೆಳೆಯುತ್ತಾ ಹೋಗುವುದು, ಮಲಗಿದಾಗ ತೀರುವುದು. ಎರಡನೆಯದು ಶರೀರದೊಳಗಿನ ಗಡಿಯಾರ. ಅದು ಜೀವಕೋಶಗಳಲ್ಲಿ ನಡೆಯುವ ಬಗೆಯನ್ನು ಕಂಡುಹಿಡಿದುದಕ್ಕಾಗಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಈ ಗಡಿಯಾರಕ್ಕೆ ದಿನದಿನವೂ ಕೀಲಿ ಕೊಡುವುದು ಸೂರ್ಯನ ಬೆಳಕು. ಕತ್ತಲಾದಂತೆ ಮೈಯ ಒಳಗಿನ ಶಾಖವು ಸ್ವಲ್ಪ ಸ್ವಲ್ಪವಾಗಿ ಇಳಿದು ನಿದ್ರೆಗೆ ಹಾದಿಯಾಗುವುದು. ಬೆಳಗಿನ ಜಾವದಲ್ಲಿ ಅದು ಎಲ್ಲಕ್ಕಿಂತ ಕೆಳಗಿದ್ದು, ಆ ಮೇಲೆ ಏರತೊಡಗುವುದು.

ವಯಸ್ಕನಿಗೆ ದಿನಕ್ಕೆ ಏಳು ಗಂಟೆಗೆ ಕಡಮೆಯಿಲ್ಲದ ನಿದ್ರೆಯು ಬೇಕೆಂದು ಅಮೆರಿಕದ ನಿದ್ರಾವೈದ್ಯ ಸಂಘಗಳು ೨೦೧೫ರಲ್ಲಿ ನಿರ್ಣಯಿಸಿದುವು. ಒಂದೆರಡು ರಾತ್ರಿ ನಿದ್ರೆ ಕೆಟ್ಟ ಮಾತ್ರಕ್ಕೆ ರೋಗವೆನ್ನಲಾಗದು. ಮಲಗಲು ಅವಕಾಶವಿದ್ದೂ ವಾರದಲ್ಲಿ ಮೂರು ರಾತ್ರಿಯಾದರೂ ನಿದ್ರೆ ಹತ್ತದೆ, ಅಥವಾ ನಡುವೆ ಎಚ್ಚತ್ತು ಮತ್ತೆ ಬಾರದೆ, ಅದರ ದೆಸೆಯಿಂದ ಹಗಲಿನ ಕೆಲಸವೂ ಕೆಟ್ಟು, ಹೀಗೆಯೇ ಮೂರು ತಿಂಗಳು ಕಳೆದರೆ ಅದನ್ನು ಬೇರೂರಿದ ನಿದ್ರಾಹೀನತೆಯೆಂದು ವೈದ್ಯರು ಕರೆಯುತ್ತಾರೆ.

೨. ರಾತ್ರಿಯ ನೀರು ಮತ್ತು ಕಾವಲು

ನಮ್ಮ ಮೂರು ತಾಲ್ಲೂಕುಗಳಲ್ಲಿ ರೈತನ ನಿದ್ರೆಯನ್ನು ಕೆಡಿಸುವ ಕಾರಣಗಳಲ್ಲಿ ಇದು ಮುಖ್ಯವಾದುದು. ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ ಬರುವುದರಿಂದ, ರಾತ್ರಿಯ ಪಾಳಿ ಬಂದವನು ರಾತ್ರಿಯೇ ನೀರು ಕಟ್ಟಬೇಕು. ಅಫಜಲಪುರದ ಭೀಮಾ ತೀರದ ಕಬ್ಬಿಗೂ, ಆಳಂದದ ಬಾವಿ ಬೋರುಗಳ ಕೆಳಗಿನ ಪೈರಿಗೂ, ಜೇವರ್ಗಿಯ ಕಾಲುವೆ ಸರದಿಗೂ ಹೊತ್ತೆಂಬುದಿಲ್ಲ. ಬೆಳೆಯು ತೆನೆಗಟ್ಟುವಾಗ ಕಾಡುಹಂದಿಯನ್ನು ಕಾಯಲು ಹೊಲದಲ್ಲಿಯೇ ಮಲಗುವವರೂ ಉಂಟು. ಕಬ್ಬು ನುರಿಸುವ ಕಾಲದಲ್ಲಿ ಹವಳಗಾ, ಭೂಸನೂರ ಕಾರ್ಖಾನೆಗಳ ಮುಂದೆ ಗಾಡಿ ಟ್ರ್ಯಾಕ್ಟರುಗಳೊಡನೆ ರಾತ್ರಿಯೆಲ್ಲ ಸಾಲಿನಲ್ಲಿ ಕಾಯುವವರು ಇನ್ನೊಂದು ವರ್ಗ.

ಹೀಗೆ ಹಲವು ವಾರ ನಡೆದರೆ ಶರೀರದ ಗಡಿಯಾರವು ದಿಕ್ಕುಗೆಡುವುದು. ಆ ಮೇಲೆ ರಾತ್ರಿಯ ಕೆಲಸವು ತಪ್ಪಿದ ದಿನವೂ ನಿದ್ರೆಯು ಹತ್ತದು. ಹಗಲಿನಲ್ಲಿ ಮಾತ್ರ ಕಣ್ಣು ಎಳೆಯುವುದು. ಬೆಳಗಿನ ಜಾವ ಎರಡರಿಂದ ಐದು ಗಂಟೆಯವರೆಗಿನ ಹೊತ್ತಿನಲ್ಲಿ ಮೈಮರೆವು ಅತ್ಯಧಿಕ. ಕತ್ತಲಲ್ಲಿ ಹಾವು ತುಳಿಯುವುದು, ಒದ್ದೆ ಕೈಯಿಂದ ಸ್ಟಾರ್ಟರನ್ನು ಮುಟ್ಟುವುದು, ಟ್ರ್ಯಾಕ್ಟರಿನ ಮೇಲೆ ತೂಕಡಿಸುವುದು, ಇವೆಲ್ಲವೂ ನಿದ್ರೆಗೆಟ್ಟವನ ಅಪಾಯಗಳೇ.

ಭೂಮಾಲೀಕರು ಇದಕ್ಕೆ ಮಾಡತಕ್ಕ ವ್ಯವಸ್ಥೆಯು ಹೀಗಿದೆ. ಒಬ್ಬನನ್ನೇ ಎಡೆಬಿಡದೆ ಎರಡು ಮೂರು ರಾತ್ರಿಗಿಂತ ಹೆಚ್ಚಾಗಿ ಕಳುಹಿಸಕೂಡದು. ನೆರೆಯ ನಾಲ್ಕು ಹೊಲದವರು ಕೂಡಿ ಪಾಳಿ ಮಾಡಿಕೊಂಡರೆ ಒಬ್ಬೊಬ್ಬನಿಗೂ ಬಿಡುವು ಸಿಗುವುದು. ರಾತ್ರಿ ಹೊಲಕ್ಕೆ ಹೋಗತಕ್ಕವನು ಸಂಜೆಯೇ ಒಂದು ಗಂಟೆ ಮಲಗಿ ಏಳಲಿ. ಮಾರನೆಯ ದಿನ ಅವನಿಗೆ ರಾಶಿಯ ಯಂತ್ರದ ಕೆಲಸವನ್ನಾಗಲಿ ಔಷಧಿ ಹೊಡೆಯುವ ಕೆಲಸವನ್ನಾಗಲಿ ಒಪ್ಪಿಸಬಾರದು. ಬೆಳಿಗ್ಗೆ ಮನೆಗೆ ಬಂದವನಿಗೆ ಕತ್ತಲೆಯ ಕೋಣೆಯೊಂದನ್ನು ಬಿಟ್ಟುಕೊಟ್ಟು, ಮಕ್ಕಳ ಗದ್ದಲವನ್ನು ತಡೆಯತಕ್ಕದ್ದು. ಹನಿ ನೀರಾವರಿಯನ್ನು ಹಾಕಿಸಿದರೆ ನೀರು ತಿರುವಲು ಸಾಲುಸಾಲಿಗೆ ಓಡಾಡುವ ಶ್ರಮವು ತಪ್ಪುವುದು. ೨೦೧೯ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಕುಸುಮ್ ಯೋಜನೆಯ ಸೌರ ಪಂಪುಗಳು ಹಗಲಿನಲ್ಲಿಯೇ ನೀರೆತ್ತುವುದರಿಂದ, ಅವುಗಳಿಂದಾಗುವ ಲಾಭವನ್ನು ಲೆಕ್ಕಹಾಕುವಾಗ ರೈತನ ರಾತ್ರಿಯ ನಿದ್ರೆಯನ್ನೂ ಕೂಡಿಸಿಕೊಳ್ಳುವುದು ಯುಕ್ತ.

೩. ಸೆಕೆ

ಬೇಸಗೆಯಲ್ಲಿ ಈ ಸೀಮೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವುದು ಸಾಮಾನ್ಯ. ಶಹಾಬಾದಿನ ಫರಸಿ ಹೊದಿಸಿದ ಮಾಳಿಗೆಯಾಗಲಿ ಕಾಂಕ್ರೀಟಿನ ಚಾವಣಿಯಾಗಲಿ ಹಗಲೆಲ್ಲ ಕಾದು, ರಾತ್ರಿ ಆ ಶಾಖವನ್ನು ಮನೆಯೊಳಕ್ಕೆ ಬಿಡುವುದು. ನಿದ್ರೆ ಬರಲು ಮೈಯ ಶಾಖವು ಇಳಿಯಬೇಕೆಂದು ಮೇಲೆ ಹೇಳಿದೆಯಷ್ಟೆ. ಕೋಣೆಯು ಬಾಣಲೆಯಂತಿದ್ದರೆ ಅದು ಇಳಿಯುವುದೆಂತು? ಚಾವಣಿಗೆ ಬೇಸಗೆಯ ಮೊದಲು ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗವು ಹಿಂದಕ್ಕೆ ಚಿಮ್ಮುವುದು. ಹಗಲಿನಲ್ಲಿ ಕಿಟಕಿಗಳನ್ನು ಮುಚ್ಚಿ, ಸಂಜೆ ತಂಪಾದ ಮೇಲೆ ತೆರೆಯಬೇಕು. ಮಲಗುವ ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿದರೆ ಚರ್ಮದ ಮೂಲಕ ಶಾಖವು ಹೊರಬಿದ್ದು ಮೈ ತಂಪಾಗುವುದು.

ಮಾಳಿಗೆಯ ಮೇಲೆ ಮಲಗುವ ಹಳೆಯ ಪದ್ಧತಿಯು ಒಳ್ಳೆಯದೇ. ಆದರೆ ಸುತ್ತಲೂ ಕೈಪಿಡಿ ಗೋಡೆಯು ಇರತಕ್ಕದ್ದು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡರೆ ಸೊಳ್ಳೆಯ ಕಾಟವೂ ತಪ್ಪುವುದು, ರಾತ್ರಿ ಸಂಚರಿಸುವ ವಿಷದ ಹಾವುಗಳಿಂದಲೂ ರಕ್ಷಣೆ ದೊರೆಯುವುದು.

೪. ಚಹಾ, ತಂಬಾಕು, ಮದ್ಯ

ಚಹಾದಲ್ಲಿರುವ ಕೆಫೀನ್ ಎಂಬ ಸತ್ತ್ವವು ದಣಿವಿನ ಸಂದೇಶವನ್ನು ಮೆದುಳಿಗೆ ಮುಟ್ಟದಂತೆ ತಡೆಯುವುದು. ಕುಡಿದ ಐದು ಗಂಟೆಯ ಮೇಲೂ ಅದರ ಅರ್ಧದಷ್ಟು ಶರೀರದಲ್ಲಿ ಉಳಿದಿರುವುದು. ಸಂಜೆ ಆರು ಗಂಟೆಗೆ ಕಟ್ಟೆಯ ಮೇಲೆ ಕುಡಿದ ಚಹಾವು ರಾತ್ರಿ ಹನ್ನೊಂದರಲ್ಲಿ ಕಣ್ಣು ತೆರೆಸುವುದು ಆಶ್ಚರ್ಯವಲ್ಲ. ನಿದ್ರೆಯ ತೊಂದರೆಯುಳ್ಳವನು ಮಧ್ಯಾಹ್ನದ ಊಟದ ಮೇಲೆ ಚಹಾವನ್ನು ಬಿಡುವುದು ಲೇಸು. ಬೀಡಿ, ಗುಟಖಾ, ಹೊಗೆಸೊಪ್ಪುಗಳಲ್ಲಿರುವ ನಿಕೋಟಿನ್ ಸಹ ಎಚ್ಚರವನ್ನು ಹೆಚ್ಚಿಸತಕ್ಕ ಪದಾರ್ಥವೇ.

ಮದ್ಯದ ವಿಷಯದಲ್ಲಿ ತಪ್ಪು ತಿಳಿವಳಿಕೆಯು ಎಲ್ಲಕ್ಕಿಂತ ಹೆಚ್ಚು. ಕುಡಿದವನಿಗೆ ಬೇಗನೆ ಕಣ್ಣು ಮುಚ್ಚುವುದೇನೋ ನಿಜ. ಆದರೆ ಅಮಲು ಇಳಿದಂತೆ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ರೆಯು ತುಂಡುತುಂಡಾಗುವುದು. ಮಾರನೆಯ ದಿನ ಅದೇ ನಿದ್ರೆಗಾಗಿ ಹೆಚ್ಚು ಕುಡಿಯಬೇಕಾಗುವುದು. ನಿದ್ರೆಗೆಂದು ಆರಂಭವಾದ ಕುಡಿತವು ಮನೆಯನ್ನು ನುಂಗುವವರೆಗೆ ನಿಲ್ಲದಿರುವುದೂ ಉಂಟು.

೫. ಗೊರಕೆ

ಗೊರಕೆ ಹೊಡೆಯುವವನು ಗಾಢ ನಿದ್ರೆಯಲ್ಲಿರುವನೆಂದು ಜನರು ನಂಬುತ್ತಾರೆ. ಇದು ಎಲ್ಲರ ವಿಷಯದಲ್ಲಿಯೂ ನಿಜವಲ್ಲ. ಮಲಗಿದಾಗ ಗಂಟಲಿನ ಮಾಂಸಖಂಡಗಳು ಸಡಿಲಗೊಂಡು ಕೆಲವರ ಉಸಿರಿನ ದಾರಿಯು ಪೂರ್ತಿಯಾಗಿ ಮುಚ್ಚಿಕೊಳ್ಳುವುದು. ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಂತು, ಮೆದುಳು ಬೆದರಿ ಎಚ್ಚರಿಸಿದ ಮೇಲೆ ಏದುಸಿರಿನೊಡನೆ ಮತ್ತೆ ಆರಂಭವಾಗುವುದು. ಗಂಟೆಗೆ ಐದಕ್ಕಿಂತ ಹೆಚ್ಚು ಬಾರಿ ಹೀಗಾದರೆ ಅಸಹಜ. ಮೂವತ್ತನ್ನು ಮೀರಿದರೆ ರೋಗವು ತೀವ್ರವಾದುದು. ರೋಗಿಗೆ ಇದು ತಿಳಿಯುವುದೇ ಇಲ್ಲ. ತಿಳಿಯುವುದು ಪಕ್ಕದಲ್ಲಿ ಮಲಗಿದವರಿಗೆ. ಅವನಿಗೆ ತಿಳಿಯುವುದೆಂದರೆ ರಾತ್ರಿ ಮೇಲಿಂದ ಮೇಲೆ ಎಚ್ಚರವಾಗುವುದು, ಮೂತ್ರಕ್ಕೆ ಏಳುವುದು, ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ಇಷ್ಟೇ.

ದಪ್ಪ ಕುತ್ತಿಗೆಯ ಸ್ಥೂಲಕಾಯರಲ್ಲಿ ಈ ರೋಗವು ಹೆಚ್ಚು. ರಕ್ತದ ಒತ್ತಡಕ್ಕೂ ಹೃದಯರೋಗಕ್ಕೂ ಇದರ ಸಂಬಂಧವುಂಟು. ತೂಕವನ್ನು ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯವನ್ನು ಬಿಡುವುದು ಮೊದಲ ಉಪಾಯಗಳು. ತೀವ್ರವಾದಾಗ ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಿಂದ ಹರಿಸಿ ದಾರಿಯನ್ನು ತೆರೆದಿಡುವ ಯಂತ್ರವನ್ನು ವೈದ್ಯರು ಕೊಡುತ್ತಾರೆ. ಈ ಚಿಕಿತ್ಸೆಯನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಎಂಬ ವೈದ್ಯರು ೧೯೮೧ರಲ್ಲಿ ಪ್ರಕಟಪಡಿಸಿದರು. ಇಂಥ ರೋಗಿಗೆ ನಿದ್ರೆಯ ಮಾತ್ರೆಯನ್ನು ಕೊಟ್ಟರೆ ಉಸಿರು ಇನ್ನಷ್ಟು ಕುಗ್ಗುವ ಭಯವುಂಟು. ಕಾರಣವನ್ನು ತಿಳಿಯದೆ ಮಾತ್ರೆ ನುಂಗಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

೬. ಕಾಲಿನ ತಳಮಳ

ಸಂಜೆ ಅಥವಾ ರಾತ್ರಿ ಮಲಗಿದೊಡನೆ ಮೀನಖಂಡಗಳಲ್ಲಿ ಇರುವೆ ಹರಿದಂತೆ, ಸೆಳೆದಂತೆ ಆಗಿ, ಕಾಲನ್ನು ಆಡಿಸಿದ ಹೊರತು ಸಮಾಧಾನವಾಗದಿರುವುದು ಒಂದು ರೋಗ. ಎದ್ದು ನಾಲ್ಕು ಹೆಜ್ಜೆ ನಡೆದರೆ ಕಡಮೆಯಾಗುವುದು. ಮಲಗಿದರೆ ಮತ್ತೆ ಬರುವುದು. ಸ್ವೀಡನ್ನಿನ ಎಕ್ಬಾಮ್ ಎಂಬ ವೈದ್ಯರು ೧೯೪೫ರಲ್ಲಿ ಇದನ್ನು ವಿವರವಾಗಿ ವರ್ಣಿಸಿದರು. ಹಗಲಿನ ದುಡಿಮೆಯಿಂದ ಬಂದ ನೋವೆಂದು ತಿಳಿದು ಮನೆಯವರು ಕಾಲೊತ್ತಿಸಿಕೊಂಡು ಸುಮ್ಮನಾಗುವರು.

ರಕ್ತದಲ್ಲಿ ಕಬ್ಬಿಣದ ಅಂಶವು ಕಡಮೆಯಾಗುವುದು ಇದರ ಮುಖ್ಯ ಕಾರಣಗಳಲ್ಲೊಂದು. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಹೊಲದಲ್ಲಿ ಕಳೆ ತೆಗೆದು, ಮನೆಯಲ್ಲಿ ರೊಟ್ಟಿ ಬಡಿದು, ರಾತ್ರಿ ಕಾಲು ತಳಮಳಿಸಿ ನಿದ್ರೆಗೆಡುವ ಹೆಣ್ಣುಮಕ್ಕಳು ಮೊದಲು ರಕ್ತಪರೀಕ್ಷೆಯನ್ನು ಮಾಡಿಸತಕ್ಕದ್ದು. ಗರ್ಭಿಣಿಯರಲ್ಲಿ ಈ ತೊಂದರೆಯು ಹೆಚ್ಚಾದುದರಿಂದ ಅವರು ಉಪೇಕ್ಷಿಸಲೇಕೂಡದು. ಕೊರತೆಯಿದ್ದರೆ ವೈದ್ಯರು ಕಬ್ಬಿಣದ ಮಾತ್ರೆಯನ್ನು ಕೊಡುವರು. ಪಲ್ಯ, ಬೇಳೆಗಳ ಊಟಕ್ಕೆ ನಿಂಬೆಯ ಹುಳಿಯನ್ನು ಹಿಂಡಿಕೊಂಡರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತುವುದು. ಊಟದೊಡನೆ ಚಹಾ ಕುಡಿದರೆ ಹತ್ತದು.

೭. ಔಷಧಿ ಹೊಡೆದ ರಾತ್ರಿ

ತೊಗರಿಯು ಹೂವಾಡಿ ಕಾಯಿಕಟ್ಟುವಾಗ ಕಾಯಿಕೊರಕ ಹುಳುವಿಗೆ ಔಷಧಿ ಹೊಡೆಯುವುದು ಎಲ್ಲೆಡೆಯೂ ಉಂಟು. ಕೆಲವು ಕೀಟನಾಶಕಗಳು, ವಿಶೇಷವಾಗಿ ಆರ್ಗನೋಫಾಸ್ಫೇಟ್ ವರ್ಗದವು, ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಹೊಕ್ಕು ನರಗಳನ್ನು ಕೆರಳಿಸುವುವು. ಔಷಧಿ ಹೊಡೆದ ದಿನ ರಾತ್ರಿ ನಿದ್ರೆ ಬಾರದೆ ಚಡಪಡಿಕೆ, ಕೆಟ್ಟ ಕನಸು, ತಲೆನೋವು ಕಂಡರೆ ಸಂಶಯಪಡಬೇಕು. ಅದರೊಡನೆ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆಯು ಸೂಜಿಮೊನೆಯಷ್ಟು ಕಿರಿದಾಗುವುದು, ಇವು ಕಂಡರೆ ಬೆಳಗಾಗುವವರೆಗೆ ಕಾಯದೆ, ಔಷಧಿಯ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಸಾಗಿಸತಕ್ಕದ್ದು. ಮೈ ಮುಚ್ಚುವ ಬಟ್ಟೆ, ಕೈಚೀಲ, ಮುಖಕ್ಕೆ ಮುಸುಕು, ಕೆಲಸ ಮುಗಿದೊಡನೆ ಸಾಬೂನಿನ ಸ್ನಾನ, ಈ ನಾಲ್ಕನ್ನು ಕೂಲಿಯಾಳಿಗೆ ಒದಗಿಸುವುದು ಹೊಲದ ಯಜಮಾನನ ಹೊಣೆ.

೮. ಚಿಂತೆ

ಇನ್ನು ಗಾದೆಯು ಹೇಳುವ ಚಿಂತೆಗೆ ಬರೋಣ. ೨೦೨೦ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೀರದ ಊರುಗಳಿಗೆ ನುಗ್ಗಿದುದನ್ನು ವಾಚಕರು ಮರೆತಿಲ್ಲ. ೨೦೨೨ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗವು ತಗುಲಿ, ಕಾಯಿಕಟ್ಟಿದ ಬೆಳೆಯು ನಿಂತಲ್ಲೇ ಒಣಗಿತು. ಇಂಥ ವರ್ಷಗಳಲ್ಲಿ ಸಾಲ ಮಾಡಿ ಬಿತ್ತಿದವನು ರಾತ್ರಿ ಸೂರನ್ನು ನೋಡುತ್ತಾ ಮಲಗುವುದು ಸಹಜವೇ. ಆದರೆ ದುಃಖದ ನಿದ್ರೆಗೇಡಿಗೂ ಮನೋರೋಗದ ನಿದ್ರೆಗೇಡಿಗೂ ಭೇದವುಂಟು. ನಸುಕಿನ ಮೂರು ಗಂಟೆಗೇ ಎಚ್ಚತ್ತು ಮತ್ತೆ ಕಣ್ಣು ಹತ್ತದಿರುವುದು, ಊಟ ಸೇರದಿರುವುದು, ಮೊದಲು ಪ್ರಿಯವಾದುದರಲ್ಲಿಯೂ ಮನಸ್ಸು ನಿಲ್ಲದಿರುವುದು, "ನಾನು ಎಲ್ಲರಿಗೂ ಭಾರವಾದೆ" ಎಂಬ ಮಾತು, ಇವು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದರೆ ಅದು ಖಿನ್ನತೆಯೆಂಬ ರೋಗವಾಗಿರಬಹುದು. ಇದಕ್ಕೆ ಚಿಕಿತ್ಸೆಯುಂಟು, ಗುಣವಾಗುವುದೂ ಉಂಟು.

ಇಲ್ಲಿ ಗ್ರಾಮಮುಖ್ಯರ ಕರ್ತವ್ಯವು ಬಹು ದೊಡ್ಡದು. ಅಂಥವನನ್ನು ಸಂತೆಯ ನಡುವೆ ಕರೆದು ಬುದ್ಧಿ ಹೇಳುವುದರಿಂದ ಫಲವಿಲ್ಲ. ಅವನ ಮನೆಗೆ ಹೋಗಿ, ಒಬ್ಬನನ್ನೇ ಕೂರಿಸಿಕೊಂಡು, "ಜೀವ ಬೇಡವೆನಿಸುತ್ತದೆಯೇ?" ಎಂದು ನೇರವಾಗಿ ವಿಚಾರಿಸಬಹುದು. ಹೀಗೆ ಕೇಳುವುದರಿಂದ ಇಲ್ಲದ ಆಲೋಚನೆಯು ಹುಟ್ಟುವುದೆಂಬ ಭಯವು ನಿರಾಧಾರವಾದುದು. ಕೇಳಿದವರಿದ್ದಾರೆಂಬ ಸಮಾಧಾನವೇ ಹೆಚ್ಚು. ಹೌದೆಂದರೆ ಅವನನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಕೀಟನಾಶಕದ ಡಬ್ಬಿಗಳನ್ನು ಮಲಗುವ ಕೋಣೆಯಲ್ಲಿಯಾಗಲಿ ಅಡುಗೆಯ ಮನೆಯಲ್ಲಿಯಾಗಲಿ ಇಡದೆ, ಬೇರೆಡೆ ಬೀಗ ಹಾಕಿ ಇಡುವುದು ಪ್ರತಿಯೊಂದು ಮನೆಯ ನಿಯಮವಾಗಬೇಕು. ಕೆಟ್ಟ ಗಳಿಗೆಯೊಂದರಲ್ಲಿ ಕೈಗೆ ವಿಷವು ಎಟುಕದಿದ್ದುದರಿಂದಲೇ ಜೀವವು ಉಳಿಯುವುದುಂಟು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಖರ್ಚಿಲ್ಲದೆ ಫೋನ್ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

೯. ಬೇರೂರಿದ ನಿದ್ರಾಹೀನತೆ

ಕೆಲವೊಮ್ಮೆ ಮೂಲಕಾರಣವು ತೀರಿದರೂ ನಿದ್ರೆಯು ಮರಳುವುದಿಲ್ಲ. ಹೊಳೆಯು ಇಳಿಯಿತು, ಸಾಲವು ತೀರಿತು, ಆದರೂ ಹಾಸಿಗೆಯನ್ನು ಕಂಡೊಡನೆ "ಇಂದೂ ಬಾರದೇನೋ" ಎಂಬ ಅಂಜಿಕೆಯು ಹುಟ್ಟಿ, ಆ ಅಂಜಿಕೆಯೇ ಎಚ್ಚರವನ್ನು ಕಾಯುವುದು. ಇದಕ್ಕೆ ಮಾತ್ರೆಗಿಂತ ನಡತೆಯ ಚಿಕಿತ್ಸೆಯು ಮೊದಲು ಎಂದು ಅಮೆರಿಕದ ವೈದ್ಯರ ಕಾಲೇಜು ೨೦೧೬ರಲ್ಲಿ ಸೂಚಿಸಿತು. ಇದರ ಮುಖ್ಯ ನಿಯಮಗಳನ್ನು ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞರು ೧೯೭೨ರಲ್ಲಿ ರೂಪಿಸಿದರು. ಅವು ಸುಲಭವಾಗಿವೆ:

(ಅ) ನಿದ್ರೆ ಎಳೆದಾಗ ಮಾತ್ರ ಹಾಸಿಗೆಗೆ ಹೋಗುವುದು.

(ಆ) ಹಾಸಿಗೆಯ ಮೇಲೆ ಲೆಕ್ಕ, ಮಾತುಕತೆ, ಮೊಬೈಲ್ ನೋಡುವುದು ಇವು ಕೂಡದು.

(ಇ) ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದ ಮೇಲೆ ಮರಳಿ ಮಲಗುವುದು. ಗಡಿಯಾರವನ್ನು ಮೇಲಿಂದ ಮೇಲೆ ನೋಡಬಾರದು.

(ಈ) ರಾತ್ರಿ ಎಷ್ಟೇ ಕೆಟ್ಟಿರಲಿ, ಬೆಳಿಗ್ಗೆ ನಿತ್ಯವೂ ಒಂದೇ ಹೊತ್ತಿಗೆ ಏಳುವುದು.

(ಉ) ಹಗಲು ಮಲಗದಿರುವುದು. ರಾತ್ರಿ ಹೊಲಕ್ಕೆ ಹೋಗತಕ್ಕವರಿಗೂ ಟ್ರ್ಯಾಕ್ಟರ್ ನಡೆಸತಕ್ಕವರಿಗೂ ಈ ನಿಯಮವು ಅನ್ವಯಿಸದು.

ಮೊದಲ ವಾರದಲ್ಲಿ ದಣಿವು ಹೆಚ್ಚಿದಂತೆ ತೋರಬಹುದು. ಬಿಡದೆ ನಡೆಸಿದರೆ ಕೆಲವು ವಾರಗಳಲ್ಲಿ ಹಾಸಿಗೆಗೂ ನಿದ್ರೆಗೂ ಇದ್ದ ಹಳೆಯ ನಂಟು ಮತ್ತೆ ಕೂಡುವುದು. ನಿದ್ರೆಯ ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟ ಹೊರತು, ಅಂಗಡಿಯವನ ಮಾತಿನ ಮೇಲಾಗಲಿ ನೆರೆಯವನ ಚೀಟಿಯ ಮೇಲಾಗಲಿ ಕೊಳ್ಳಕೂಡದು. ಮದ್ಯದೊಡನೆ ಅವು ಪ್ರಾಣಾಂತಕ. ಬಹುಕಾಲ ಸೇವಿಸಿದವರು ಒಮ್ಮೆಗೇ ನಿಲ್ಲಿಸುವುದೂ ಅಪಾಯಕರ. ವೈದ್ಯರ ಸೂಚನೆಯಂತೆ ಮೆಲ್ಲಮೆಲ್ಲನೆ ಇಳಿಸತಕ್ಕದ್ದು.

೧೦. ಈಗ ಮಾಡತಕ್ಕದ್ದು

ನಿದ್ರೆಯ ತೊಂದರೆಯುಳ್ಳವನು ಎರಡು ವಾರ ಒಂದು ಲೆಕ್ಕವನ್ನು ಬರೆದಿಡಲಿ: ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದ ಸಲ, ಚಹಾ ಮದ್ಯಗಳ ವೇಳೆ, ರಾತ್ರಿಯ ಕೆಲಸ, ಔಷಧಿ ಹೊಡೆದ ದಿನ. ಪಕ್ಕದಲ್ಲಿ ಮಲಗುವವರು ಗೊರಕೆಯನ್ನೂ ಕಾಲಿನ ಚಲನೆಯನ್ನೂ ನೋಡಿ ಹೇಳಲಿ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಬಹುದು. ಈ ಹಾಳೆಯು ಕೈಯಲ್ಲಿದ್ದರೆ ವೈದ್ಯರು ಕಾರಣವನ್ನು ಬೇಗನೆ ಗುರುತಿಸುವರು. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರಕಾರಿ ಆಸ್ಪತ್ರೆಗಳುಂಟು. ಅಲ್ಲಿಂದ ಮುಂದಕ್ಕೆ ಕಲಬುರಗಿಯ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಿಗೆ ಕಳುಹಿಸಿಕೊಡುವ ಏರ್ಪಾಡು ಇದೆ.

ಭೂಮಾಲೀಕರೂ ಗ್ರಾಮಮುಖ್ಯರೂ ಈ ವರ್ಷದ ಹಿಂಗಾರಿಗೆ ಬೀಜ ಗೊಬ್ಬರಗಳ ಪಟ್ಟಿಯನ್ನು ಮಾಡುವಾಗ ಮೂರು ಮಾತುಗಳನ್ನು ಅದರೊಡನೆ ಸೇರಿಸಿಕೊಳ್ಳಬೇಕಾಗಿ ವಿಜ್ಞಾಪನೆ: ರಾತ್ರಿಯ ನೀರಿಗೆ ಪಾಳಿಯ ಕಟ್ಟಳೆ, ಔಷಧಿಯ ಡಬ್ಬಿಗೆ ಬೀಗ, ನಿದ್ರೆಗೆಟ್ಟವನ ಮನೆಗೆ ಒಂದು ಭೇಟಿ. ಮೊದಲನೆಯದಕ್ಕೆ ನಾಲ್ಕು ಜನರ ಒಪ್ಪಿಗೆಯೂ, ಎರಡನೆಯದಕ್ಕೆ ಒಂದು ಪೆಟ್ಟಿಗೆಯೂ, ಮೂರನೆಯದಕ್ಕೆ ಅರ್ಧ ಗಂಟೆಯ ಬಿಡುವೂ ಸಾಕು. ಉಳುವವನು ಚೆನ್ನಾಗಿ ನಿದ್ರಿಸಿದರೆ ಹೊಲದ ಕೆಲಸವು ನೆಟ್ಟಗಾಗುವುದು. ಮನೆಯ ಜೀವವೂ ಉಳಿಯುವುದು.